ಅಂಚಿನಲ್ಲಿ ಎಡವಿದ ನನ್ನ ಇಂಗ್ಲಿಷು

ಅರವತ್ತನೇ ಇಸವಿಯ ಆಚೀಚೆ ನಾನು ಕುಮಟೆ, ಹೊನ್ನಾವರ, ಭಟ್ಕಳಗಳ ಅಂಚೆ ಕಚೇರಿಗಳಲ್ಲಿ ಗುಮಾಸ್ತನಾಗಿದ್ದೆ. ಇಂಗ್ಲಿಷಿನ ಬೇರೆ ಶಬ್ದಗಳು ನನ್ನನ್ನು ಹೇಗೋ ಕ್ಷಮಿಸಿದವು. ಅಂಚು, ಗಡಿ, ದಂಡೆ, ಹತ್ತಿರ ಎನ್ನುವ ಅರ್ಥದವು ಮಾತ್ರ ಎಲ್ಲಿಗೆ ವರ್ಗವಾದರೂ ಹಿಂದೆಯೇ ಬಂದವು. ಪುಣ್ಯಕ್ಕೆ, ಪ್ರತಿ ಸಲವೂ ಒಳ್ಳೆಯವರ ಕೈಗೇ ಸಿಕ್ಕಿಬಿದ್ದೆ.

ಕ್ಲೋಸ್

ಭಟ್ಕಳದಲ್ಲಿ ತಾರು ಬಂದರೆ ಓದಿ ಹೇಳುವುದೂ ನನ್ನದೇ ಕೆಲಸ. ಅಲ್ಲಿನ ಜವಳಿ ವ್ಯಾಪಾರಿ ಸಾಹೇಬರೊಬ್ಬರ ಮಗ ಜಗಳವಾಡಿ ಮುಂಬಯಿಗೆ ಹೋಗಿ, ಅಲ್ಲಿ ಯಾರದೋ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಪ್ಪ ಮಗ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಒಂದು ದಿನ ಅವನಿಂದ ತಾರು ಬಂತು: 'ಶಾಪ್ ಕ್ಲೋಸ್ ಸ್ಟೇಶನ್ ಕಮ್.'

"ಎಂತ ಬರ್ದಿದ್ದಾನೆ, ಭಾಯಿ?" ಸಾಹೇಬರು ಕಿಟಕಿಗೆ ಬಗ್ಗಿ ಕೇಳಿದರು.

"ಅಂಗಡಿ ಮುಚ್ಚಿ ಹೋಗಿದೆಯಂತೆ. ಸ್ಟೇಶನ್ನಿನಲ್ಲಿದ್ದಾನಂತೆ. ಬರಬೇಕಂತೆ."

ಸಾಹೇಬರು ನೆಟ್ಟಗೆ ಮನೆಗೆ ಓಡಿದರು. ಅಕ್ಕಿ ಚೀಲ, ಕಂಬಳಿ ಕಟ್ಟಿಕೊಂಡು ಆ ದಿನವೇ ಬಸ್ಸು ಹತ್ತಿದರು.

ಹದಿನೈದು ದಿನ ಬಿಟ್ಟು ಮುಂಬಯಿ ಹಲ್ವಾದ ಡಬ್ಬಿ ಹಿಡಿದು ಬಂದರು. ಮಗ ಸ್ವಂತ ಅಂಗಡಿ ಹಿಡಿದಿದ್ದನಂತೆ, ಸ್ಟೇಶನ್ನಿಗೆ ಹತ್ತಿರ. ತಾರಿನಲ್ಲಿ ಒಂದು ಪದ ಉಳಿಸಲು 'ಕ್ಲೋಸ್ ಟು' ಎನ್ನುವಲ್ಲಿ 'ಟು' ಬಿಟ್ಟಿದ್ದ. ನಾನು ಕೈ ಮುಗಿದೆ, ತಪ್ಪಾಯಿತು ಎಂದೆ.

"ತಪ್ಪೆಂತದು? ಮಗ ಅಂಗಡಿ ತೆರೆದ ಅಂತ ಓದಿದ್ರೆ, ತೆರೀಲಿ ಬಿಡು ಅಂತ ನಾನು ಇಲ್ಲೇ ಕೂತಿರ್ತಿದ್ದೆ. ಮುಚ್ಚಿದ ಅಂದ್ರಲ್ಲ, ಅದಕ್ಕೇ ಓಡಿದೆ. ಅವನು ಬಾಗಿಲು ತೆರೆಯೋ ಹೊತ್ತಿಗೆ ಸರಿಯಾಗಿ ಮುಟ್ಟಿದೆ. ಬಟ್ಟೆಯ ಮೊದಲ ಥಾನು ನನ್ನ ಕೈಲೇ ಬಿಚ್ಚಿಸ್ದ," ಎಂದು ಕಣ್ಣೊರೆಸಿಕೊಂಡರು. ಹೊರಡುವಾಗ ತಿರುಗಿ ಹೇಳಿದರು: "ಇನ್ನು ನಮ್ಮ ಮನೆ ತಾರು ಬಂದ್ರೆ ನೀವೇ ಓದಿ. ಇಂಗ್ಲಿಷ್ ಬರೋರಿಗೆ ಕೊಡ್ಬೇಡಿ!"

ಬ್ಯಾಂಕ್

ಹೊನ್ನಾವರಕ್ಕೆ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬರುವವರಿದ್ದರು. 'ಮೀಟ್ ಅಟ್ ಬ್ಯಾಂಕ್' ಎಂದು ತಂತಿ ಕಳಿಸಿದ್ದರು. ನಾನು ಮಲ್ಲಿಗೆ ಹಾರ ಹಿಡಿದು ಊರಿನ ಬ್ಯಾಂಕಿನ ಮೆಟ್ಟಿಲ ಮೇಲೆ ಎರಡು ತಾಸು ನಿಂತೆ. ಅವರು ತಾರಿ ದೋಣಿಯಲ್ಲಿ ಹೊಳೆ ದಾಟಿ ಬಂದು, ಶರಾವತಿಯ ದಂಡೆಯ ಮೇಲೆ ಮೀನುಬುಟ್ಟಿಗಳ ನಡುವೆ ಪೆಟ್ಟಿಗೆ ಹಾಕಿಕೊಂಡು ಕೂತಿದ್ದರು. ಹಾರ ಅಷ್ಟರಲ್ಲಿ ಬಾಡಿತ್ತು, ನಾನೂ. ಓಡಿಹೋಗಿ ನಡೆದದ್ದನ್ನು ಹೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಅಲ್ಲಯ್ಯಾ, ಇವತ್ತು ತಾರೀಖು ಇಪ್ಪತ್ತೊಂಬತ್ತು. ಸರ್ಕಾರಿ ನೌಕರನಿಗೆ ಬ್ಯಾಂಕಿನಲ್ಲಿ ಎಂತ ಕೆಲಸ?"

ಬಾರ್ಡರ್

ಹೊನ್ನಾವರದ ಹತ್ತಿರದ ಹಳ್ಳಿಯಿಂದ ತರಕಾರಿ ಮಾರಲು ಬರುತ್ತಿದ್ದ ಅಮ್ಮ ಒಬ್ಬರಿದ್ದರು. ಒಬ್ಬನೇ ಮಗ ಸೈನ್ಯದಲ್ಲಿದ್ದ. ಅವನ ಕಾಗದ ಬಂದರೆ ನಾನೇ ಓದಬೇಕು. ಒಮ್ಮೆ ಬರೆದಿದ್ದ: 'ನಾನು ಈಗ ಬಾರ್ಡರಿನಲ್ಲಿ ಇದ್ದೇನೆ.'

"ಬಾರ್ಡರ್ ಅಂದ್ರೆ ಎಂತದ್ರಾ?"

ಗಡಿಯಲ್ಲಿ ಗುಂಡು ಹಾರುತ್ತಿದ್ದ ದಿನಗಳು ಅವು. ಅವರ ಮುಖ ನೋಡಿ ನಾನು ಹಣೆ ಒರೆಸಿಕೊಂಡೆ. "ಅಂಚು ಅಮ್ಮ. ಸೀರೆಗೆ ಇರ್ತದಲ್ಲ, ಅದೇ," ಎಂದುಬಿಟ್ಟೆ.

"ಹೌದಾ? ಹಾಂಗಾರೆ ಬರೀರಿ. ಬರೂವಾಗ ಹಸಿರು ಅಂಚಿಂದು ಒಂದು ಸೀರೆ ತಾ ಅಂತ."

ಬರೆದೆ. ಆಮೇಲೆ ವಾರವಾರವೂ ಬಂದು, "ಇನ್ನೂ ಅಂಚಿಗೇ ಇದ್ನಾ?" ಎಂದು ಕೇಳುವರು. ನಾನು ತಲೆ ತಗ್ಗಿಸಿ ಹೂಂ ಎನ್ನುವೆ. ಅವನು ಸೀರೆ ಹಿಡಿದು ಬಂದು ನನ್ನ ಸುಳ್ಳು ನಿಜವಾಗಲಿ ಎಂದು ದೇವರಿಗೆ ಹರಕೆ ಹೊತ್ತೆ.

ಮಗ ರಜೆಯ ಮೇಲೆ ಸುಖವಾಗಿ ಬಂದ. ಮರುದಿನ ಅಮ್ಮ ಹಸಿರು ಅಂಚಿನ ಸೀರೆ ಉಟ್ಟು ಬಂದು, ಮಡಿಲಿನಿಂದ ಎರಡು ಎಳೆ ಸೌತೆಕಾಯಿ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಅಮ್ಮ, ಬಾರ್ಡರ್ ಅಂದ್ರೆ..." ಎಂದು ಶುರು ಮಾಡಿದೆ.

"ಗಡಿ. ನಂಗೆ ಆವತ್ತೇ ಗೊತ್ತಿತ್ತು. ನೀವು ಬೆವರ್ತಿದ್ರಿ. ಹೆದರ್ದವರನ್ನ ಮತ್ತೆ ಹೆದರ್ಸೂದು ಎಂತಕ್ಕೆ ಅಂತ ಸುಮ್ನಾದೆ." ಸೆರಗು ಸರಿ ಮಾಡಿಕೊಂಡು ಸೇರಿಸಿದರು: "ಸೀರೆ ಕೇಳದ್ದು ಮಾತ್ರ ಖರೇನೇ!"

ಮಾರ್ಜಿನ್

ಇದು ಎಲ್ಲಕ್ಕಿಂತ ಮೊದಲು ನಡೆದದ್ದು. ಕುಮಟೆಯಲ್ಲಿ ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು. ನಮ್ಮೂರು ಬಾಡದಲ್ಲಿ ಅಕ್ಕನ ಮದುವೆ. ಮೂರು ದಿನದ ರಜೆಗೆ ಅರ್ಜಿ ಬರೆದೆ, ಕಾಗದ ಹಾಳಾಗಬಾರದೆಂದು ಈ ತುದಿಯಿಂದ ಆ ತುದಿಯವರೆಗೆ. ಪೋಸ್ಟ್ ಮಾಸ್ತರರು ಮಾತು ಕಡಿಮೆಯ ಶಿಸ್ತಿನ ಮನುಷ್ಯ. ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಎರಡೇ ಪದ ಬರೆದು ವಾಪಸು ಕಳಿಸಿದರು: 'ಲೀವ್ ಮಾರ್ಜಿನ್.'

ಲೀವ್ ಅಂದರೆ ರಜೆ ಎಂದು ನನಗೆ ಗೊತ್ತಿತ್ತು. ಕಾಗದ ಕಣ್ಣಿಗೊತ್ತಿಕೊಂಡು ಊರಿಗೆ ಹೋದೆ. ಚಪ್ಪರ ಹಾಕಿದೆ, ಪಂಕ್ತಿಗೆ ಬಡಿಸಿದೆ, ಅಕ್ಕನನ್ನು ಕಳಿಸಿಕೊಟ್ಟು ಅತ್ತೆ.

ನಾಲ್ಕನೆಯ ದಿನ ಕಚೇರಿಗೆ ಬಂದರೆ, ಮಾಸ್ತರರು ತಾವೇ ಕಿಟಕಿಯಲ್ಲಿ ಕೂತು ಟಿಕೀಟು ಮಾರುತ್ತಿದ್ದರು. ಅಂಗಿಯ ತುಂಬ ಮುದ್ರೆಯ ಮಸಿ.

"ಎಲ್ಲಿಗೆ ಹೋಗಿದ್ರಿ?"

"ರಜೆಗೆ ಸಾರ್. ನೀವೇ ಕೊಟ್ಟಿದ್ದು. ಮಾರ್ಜಿನ್ ರಜೆ."

"ಅದೆಂತಾ ರಜೆ?"

"ಹೊಸಬರಿಗೆ ಕೊಡೋದಿರಬೇಕು ಅಂದ್ಕೊಂಡೆ, ಸಾರ್."

ಅವರು ಒಂದು ಹಾಳೆ ತೆಗೆದು, ಎಡಕ್ಕೆ ರೂಲುಕೋಲಿನಿಂದ ಒಂದು ಗೆರೆ ಎಳೆದರು. "ಇದು ಮಾರ್ಜಿನ್. ಲೀವ್ ಅಂದ್ರೆ ಬಿಡು. ಕಾಗದದ ಅಂಚು ಬಿಡಿ ಅಂದೆ ಮಾರಾಯ್ರೇ. ನೀವು ಆಫೀಸನ್ನೇ ಬಿಟ್ಟು ಹೋದ್ರಿ!"

ಕೆಲಸ ಹೋಯಿತು ಎಂದುಕೊಂಡೆ. ಅವರು ಮಾತ್ರ, "ಮದುವೆ ಚಂದ ಆತಾ?" ಎಂದು ಕೇಳಿದರು. ಮೇಲಿನವರಿಗೆ ವರದಿ ಮಾಡಲಿಲ್ಲ. ಅಂದಿನಿಂದ ದಿನಾ ಕಚೇರಿ ಮುಗಿದ ಮೇಲೆ ಅರ್ಧ ತಾಸು ಕೂರಿಸಿ ಇಂಗ್ಲಿಷು ಹೇಳಿಕೊಟ್ಟರು. ಇವತ್ತು ನನಗೆ ಬರುವ ನಾಲ್ಕು ಅಕ್ಷರ ಅವರು ಹಾಕಿದ ಭಿಕ್ಷೆ.

ಮರುವರ್ಷ ನನ್ನದೇ ಮದುವೆ. ಎಡಕ್ಕೆ ಎರಡು ಬೆರಳು ಜಾಗ ಬಿಟ್ಟು ಚೊಕ್ಕವಾಗಿ ಅರ್ಜಿ ಬರೆದುಕೊಟ್ಟೆ. ಆ ಖಾಲಿ ಜಾಗದಲ್ಲಿ ಮಾಸ್ತರರು, ನನಗೆ ಅನುಮಾನವೇ ಬರಬಾರದೆಂದು, ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿದ್ದರು: 'ಈ ಸಲ ನಿಜವಾಗಿಯೂ ಹೋಗಿ.'