ದಿನಾ ನೋಡುವ ಒಬ್ಬರು

ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಬಿದ್ದಿದ್ದ ಸುತ್ತೋಲೆಯನ್ನು ಚಿತ್ರಗುಪ್ತ ಪೂರ್ತಿ ಓದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಸುತ್ತೋಲೆಗೆ ಎರಡು ಹಾಳೆ ಇದ್ದವು. ಅವನು ಓದಿದ್ದು ಒಂದು.

ಚಿತ್ರಗುಪ್ತ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ, ಲಾಂಡ್ರಿಯವರು ಇಟ್ಟದ್ದು. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆಗಳನ್ನು ಸಾವಿರಗಟ್ಟಲೆ ಒಗೆದು, ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಅಲ್ಲಿ ಆರು ವರ್ಷ ಮಡಚುವ ಮೇಜಿನ ಮುಂದೆ ನಿಂತು ಸೊಂಟ ಹಿಡಿಸಿಕೊಂಡ ಮೇಲೆ ಅವನು ತಾನಾಗಿಯೇ ಕಂಪ್ಯೂಟರ್ ಕಲಿತು ಒಂದು ಡ್ಯಾಶ್‌ಬೋರ್ಡ್ ಮಾಡಿದ್ದ. ಯಾವ ಲಾರಿ ಎಲ್ಲಿದೆ, ಇಸ್ತ್ರಿ ವಿಭಾಗದಿಂದ ಗಂಟೆಗೆ ಎಷ್ಟು ಬಟ್ಟೆ ಹೊರಬಿತ್ತು, ಸೋಪಿನ ಪುಡಿ ಎಷ್ಟು ಖರ್ಚಾಯಿತು, ಹರಿದು ಬಂದ ಬಟ್ಟೆ ಎಷ್ಟು, ಎಲ್ಲವೂ ಒಂದೇ ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳಾಗಿ ಹೊತ್ತುಹೊತ್ತಿಗೆ ತಾವೇ ಬದಲಾಗುತ್ತಿದ್ದವು. ಅದನ್ನು ಮೆಚ್ಚಿ ಅವನನ್ನು ಮಹಡಿಯ ಮೇಲಿನ ಕಚೇರಿಗೆ ಹಾಕಿ ಕುರ್ಚಿ ಕೊಟ್ಟಿದ್ದರು. ಚಿತ್ರ ಬರೆದು ಎಲ್ಲರ ಪಾಪದ ಪಟ್ಟಿ ಇಡುವವನು ಎಂದು ಹೆಸರು ಅಂಟಿಕೊಂಡಿತು.

ಮೊದಲ ಹಾಳೆಯಲ್ಲಿ ಹೀಗಿತ್ತು: ಹತ್ತಕ್ಕಿಂತ ಕಡಿಮೆ ಜನ ನೋಡುವ ಡ್ಯಾಶ್‌ಬೋರ್ಡುಗಳನ್ನು ಇಂದು ಸಂಜೆ ಐದಕ್ಕೆ ಅಳಿಸಲಾಗುವುದು. ಸಂಬಂಧಪಟ್ಟ ಸಿಬ್ಬಂದಿ ಸೋಮವಾರದಿಂದ ತಮ್ಮ ಮೂಲ ವಿಭಾಗಕ್ಕೆ ಹಾಜರಾಗತಕ್ಕದ್ದು.

ಮೂಲ ವಿಭಾಗ ಎಂದರೆ ಮಡಚುವ ಮೇಜು. ಓದಿದ ತಕ್ಷಣವೇ ಚಿತ್ರಗುಪ್ತನ ಸೊಂಟ ಒಮ್ಮೆ ಚುಳುಕ್ಕೆಂದಿತು.

ಎಷ್ಟು ಜನ ನೋಡುತ್ತಾರೆಂಬ ಪಟ್ಟಿಯನ್ನು ತೆಗೆದು ನೋಡಿದ. ಒಬ್ಬರು. ಎರಡು ವರ್ಷದಿಂದಲೂ ಒಬ್ಬರೇ. ಪ್ರತಿದಿನ ಬೆಳಿಗ್ಗೆ ಎಂಟು ಹತ್ತಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ 'ಕಚೇರಿ ೩' ಎಂಬ ಖಾತೆಯಿಂದ ಯಾರೋ ಎರಡು ನಿಮಿಷ ನೋಡಿ ಹೋಗುತ್ತಿದ್ದರು. ಮ್ಯಾನೇಜರ್ ಮೇಡಂ ಕೂರುವುದು ಮೂರನೆಯ ಮಹಡಿ. ಆದ್ದರಿಂದ ಅದು ಅವರೇ ಎಂದು ಚಿತ್ರಗುಪ್ತ ತೀರ್ಮಾನಿಸಿದ್ದ, ಹೆಂಡತಿಗೂ ಹೇಳಿದ್ದ, ಮಾವನ ಮನೆಯವರ ಮುಂದೆ ಎರಡು ಸಲ ಕೊಚ್ಚಿಕೊಂಡೂ ಇದ್ದ. ಆದರೆ ಮೇಡಂ ಒಬ್ಬರು ನೋಡಿದರೆ ಲೆಕ್ಕ ಒಂದೇ ಆಯಿತಲ್ಲ? ಇನ್ನೂ ಒಂಬತ್ತು ಜನ ಬೇಕು.

ಮೊದಲು ಸಿಕ್ಕವನು ಲಾರಿ ಡ್ರೈವರುಗಳ ಮುಖಂಡ. ಹದಿನಾಲ್ಕು ಡ್ರೈವರುಗಳು ಅವನು ಹೇಳಿದಂತೆ ಕೇಳುತ್ತಾರೆ.

"ಅಣ್ಣಾ, ಒಂದುಪಕಾರ ಮಾಡಿ. ನಿಮ್ಮವರೆಲ್ಲ ಫೋನಲ್ಲಿ ನನ್ನ ಡ್ಯಾಶ್‌ಬೋರ್ಡ್ ಒಂದ್ಸಲ ತೆಗೆದು ನೋಡ್ಬಿಟ್ರೆ ಸಾಕು. ಓದೋದೂ ಬೇಡ."

"ಅಷ್ಟೇನಾ? ತಗೋ," ಎಂದು ಡ್ರೈವರಣ್ಣ ಅಲ್ಲೇ ಫೋನು ತೆಗೆದು ಒತ್ತಿದ. ಒತ್ತಿದವನು ಸುಮ್ಮನೆ ಮುಚ್ಚಬಾರದೇ? ಓದಿದ. "ಇದೇನಯ್ಯಾ ಇದು? ದಿನಾ ಹನ್ನೊಂದರಿಂದ ಹನ್ನೆರಡು ನನ್ನ ಗಾಡಿ ಸೇತುವೆ ಕೆಳಗೆ ನಿಂತಿದೆ ಅಂತ ಬರೆದಿದೀಯ!"

"ನಿಂತಿರುತ್ತಲ್ಲಣ್ಣ."

"ನಿಂತಿರುತ್ತೆ. ಅಲ್ಲಿ ನೆರಳಿದೆ, ಕಣ್ಣು ಮುಚ್ಚುತ್ತೆ. ಅದನ್ನ ಊರಿಗೆಲ್ಲ ಸಾರಬೇಕಾ? ಮೊದಲು ತೆಗಿ. ಆಮೇಲೆ ಹದಿನಾಲ್ಕೂ ಜನ ನೋಡ್ತೀವಿ."

ಚಿತ್ರಗುಪ್ತ ಮೇಲೆ ಓಡಿ ನಿಂತ ಲಾರಿಗಳನ್ನು ಕಾಣದಂತೆ ಮಾಡಿ 'ಪಬ್ಲಿಷ್' ಒತ್ತಿದ. ಅವಸರದಲ್ಲಿ ನಿಂತವುಗಳ ಜೊತೆ ಓಡುತ್ತಿರುವ ಲಾರಿಗಳೂ ಮಾಯವಾದವು. ಪರದೆಯ ಮೇಲೆ 'ಹೊರಗಿರುವ ಲಾರಿ: ೦' ಎಂದು ಬಂತು. ಚಿತ್ರಗುಪ್ತನ ಮಾತಿಗೆ ಕಟ್ಟುಬಿದ್ದು ಆಗಷ್ಟೇ ಜೀವನದಲ್ಲಿ ಮೊದಲ ಸಲ ಡ್ಯಾಶ್‌ಬೋರ್ಡ್ ತೆರೆದಿದ್ದ ಫೋನಿನ ಗುಮಾಸ್ತೆ ಅದನ್ನು ಕಂಡು ಹೌಹಾರಿ ಮೂರು ಆಸ್ಪತ್ರೆಗಳಿಗೆ "ಇವತ್ತು ಹಾಸುಬಟ್ಟೆ ಬರಲ್ಲ, ನಮ್ಮ ಲಾರಿಗಳೇ ಇಲ್ಲ" ಎಂದು ಹೇಳಿಬಿಟ್ಟಳು. ಅವಳು ಹಾಗೆ ಹೇಳುತ್ತಿದ್ದಾಗ ಒಂದು ಆಸ್ಪತ್ರೆಯ ಬಾಗಿಲಲ್ಲಿ ಲಾಂಡ್ರಿಯ ಲಾರಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಮೂರೂ ಕಡೆ ಕ್ಷಮೆ ಕೇಳಿ, ಪರದೆಯಿಂದ ಲಾರಿಗಳ ಪಟ್ಟಿಯನ್ನೇ ಪೂರ್ತಿ ಕಿತ್ತು ಎರಡನೆಯ ಸಲ ಪಬ್ಲಿಷ್ ಮಾಡುವ ಹೊತ್ತಿಗೆ ಹತ್ತೂವರೆ.

ಒಂದು ವಿಷಯ ಇಲ್ಲಿ ಹೇಳಬೇಕು. ಹೊಸದನ್ನು ಪಬ್ಲಿಷ್ ಮಾಡಿದಾಗಲೆಲ್ಲ ಅದು ಹಳೆಯದರ ಮೇಲೆ ಕೂರುತ್ತದೆ. ಚಿತ್ರಗುಪ್ತ ಬೇರೆ ಹೆಸರಿನಲ್ಲಿ ಒಂದು ಪ್ರತಿ ತೆಗೆದಿಟ್ಟುಕೊಳ್ಳಲಿಲ್ಲ. ಹಳೆಯವು ಒಳಗೆಲ್ಲೋ ಇದ್ದೇ ಇರುತ್ತವೆ, ಗಲಾಟೆ ಮುಗಿದ ಮೇಲೆ ವಾಪಸು ತಂದರಾಯಿತು ಎಂಬ ಧೈರ್ಯ ಅವನದು.

ಅಷ್ಟರಲ್ಲಿ ಇಸ್ತ್ರಿ ವಿಭಾಗದ ಮೇಸ್ತ್ರಿ ತಾನೇ ಮೆಟ್ಟಿಲು ಹತ್ತಿ ಬಂದ. ಮುಖ ಅವನ ಯಂತ್ರದಷ್ಟೇ ಕಾದಿತ್ತು.

"ನನ್ನ ವಿಭಾಗಕ್ಕೆ ಕೆಂಪು ಬಣ್ಣ ಯಾಕೆ?"

"ಗಂಟೆಗೆ ಇನ್ನೂರಕ್ಕಿಂತ ಕಡಿಮೆ ಆದ್ರೆ ಅದಾಗಿ ಅದೇ ಕೆಂಪಾಗುತ್ತೆ ಮೇಸ್ತ್ರಿ. ನಿಧಾನ ಅಂತ ಅರ್ಥ."

"ನಿಧಾನ ಅಲ್ಲ, ನಾಜೂಕು! ಹಸಿರು ಮಾಡು. ನಮ್ಮಲ್ಲಿ ಇಪ್ಪತ್ತೆರಡು ಜನ ಇದೀವಿ. ಹಸಿರಾದ್ರೆ ಇಪ್ಪತ್ತೆರಡೂ ಜನ ನೋಡ್ತಾರೆ. ಕೆಂಪಾದ್ರೆ ಯಾರೂ ನೋಡಲ್ಲ, ನಾನೂ ನೋಡೋಕೆ ಬಿಡಲ್ಲ."

ಇನ್ನೂರು ಇದ್ದದ್ದನ್ನು ಚಿತ್ರಗುಪ್ತ ಇಪ್ಪತ್ತಕ್ಕೆ ಇಳಿಸಿದ. ಇಸ್ತ್ರಿ ಹಸಿರಾಯಿತು. ಮೇಸ್ತ್ರಿ ಹೊರಡಲಿಲ್ಲ. ಪರದೆಯ ಕೆಳಮೂಲೆಗೆ ಬೆರಳಿಟ್ಟ.

"ಇದು?"

"ಹರಿದ ಬಟ್ಟೆ. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ ಸಂಖ್ಯೆ ಬರುತ್ತೆ."

"ನೋಡಿದೋರು ಏನಂತಾರೆ? ಇಸ್ತ್ರಿಯವರೇ ಹರಿದದ್ದು ಅಂತಾರೆ. ಇದೂ ಬೇಡ."

ಚಿತ್ರಗುಪ್ತನ ಕೈ ಅಲ್ಲಿ ನಿಂತಿತು. ಅವನು ಮೊಟ್ಟಮೊದಲು ಮಾಡಿದ್ದೇ ಆ ಮೂಲೆ. ಮಡಚುವ ಮೇಜಿನಲ್ಲಿದ್ದಾಗ ಹರಿದ ಬಟ್ಟೆ ಬೆರಳಿಗೆ ಸಿಕ್ಕಾಗಲೆಲ್ಲ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಿದ್ದ. ಆ ಗೀಟುಗಳೇ ಬೆಳೆದು ಇವತ್ತಿನ ಡ್ಯಾಶ್‌ಬೋರ್ಡ್ ಆಗಿದ್ದು. ಬೇಡ ಎನ್ನಬೇಕು ಅನಿಸಿತು. ಆದರೆ ಇಪ್ಪತ್ತೆರಡು ಜನ ಇಪ್ಪತ್ತೆರಡು ಜನವೇ. ಆ ಮೂಲೆಯನ್ನು ಅಳಿಸಿದ.

ಊಟದ ಹೊತ್ತಿಗೆ ಸುದ್ದಿ ಲಾಂಡ್ರಿಯ ತುಂಬ ಹರಡಿತು. ಚಿತ್ರಗುಪ್ತ ಇವತ್ತು ಕೇಳಿದವರಿಗೆ ಕೇಳಿದ್ದು ಕೊಡುತ್ತಾನಂತೆ ಎಂದು ಜನ ಸಾಲುಗಟ್ಟಿ ಬಂದರು. ಸೋಪಿನ ಉಗ್ರಾಣದವನು ಖರ್ಚಾದ ಪುಡಿಯ ಗೀಟು ಮೇಲಕ್ಕೆ ಹೋಗುವುದು ತನಗೆ ಅವಮಾನ ಎಂದ. ಅದನ್ನು ಮಲಗಿಸಿದ್ದಾಯಿತು. ಒಣಗಿಸುವವರು ತಮ್ಮ ಹಸಿರಿಗಿಂತ ಇಸ್ತ್ರಿಯವರ ಹಸಿರು ಹೆಚ್ಚು ಹಸಿರಾಗಿದೆ ಎಂದು ಜಗಳಕ್ಕೆ ಬಂದರು. ಇಬ್ಬರಿಗೂ ಒಂದೇ ಹಸಿರು ಹಚ್ಚಿದ್ದಾಯಿತು. ಫೋನಿನ ಗುಮಾಸ್ತೆ ಅಕ್ಷರ ದಪ್ಪ ಮಾಡಿಸಿದಳು, ಕಾವಲುಗಾರ ಅಂಕಿಗಳು ಕಣ್ಣಿಗೆ ಚುಚ್ಚುತ್ತವೆ ಎಂದು ತೆಗೆಸಿದ. ಒಬ್ಬೊಬ್ಬರಿಗೂ ಒಂದೊಂದು ಪಬ್ಲಿಷ್.

ಎಲ್ಲ ವಿಭಾಗಕ್ಕೂ ಹೋಗಿ ಕೈಮುಗಿದು ಬಂದ ಚಿತ್ರಗುಪ್ತ ಹೊಲಿಗೆ ಕೋಣೆಯೊಂದನ್ನು ಮಾತ್ರ ಬಿಟ್ಟ. ಅದು ಮಡಚುವ ಮೇಜಿನ ಹಿಂದಿನ ಸಣ್ಣ ಕೋಣೆ. ಅಲ್ಲಿ ಹೊಲಿಗೆಯಕ್ಕ ಒಬ್ಬಳೇ ಕೂತು ಹರಿದ ಬಟ್ಟೆಗೆ ತೇಪೆ ಹಾಕುತ್ತಾಳೆ. ವಯಸ್ಸಾದವಳು, ಅವಳಿಗೆ ಡ್ಯಾಶ್‌ಬೋರ್ಡ್ ಅಂದರೆ ಏನು ಗೊತ್ತು ಎಂದುಕೊಂಡು, ಯಂತ್ರದ ಗರಗರ ಕೇಳುತ್ತಿದ್ದ ಬಾಗಿಲನ್ನು ದಾಟಿ ಹೋಗಿಬಿಟ್ಟ. ಕಚೇರಿಗೆ ಹೋದ ಮೇಲೆ ಎರಡು ವರ್ಷದಲ್ಲಿ ಅವನು ಆ ಬಾಗಿಲೊಳಗೆ ಇಣುಕಿದ್ದೇ ಇಲ್ಲ.

ನಾಲ್ಕೂವರೆಗೆ ಹನ್ನೊಂದನೆಯ ಪಬ್ಲಿಷ್ ಮುಗಿಯಿತು. ಈಗ ಪರದೆಯ ಮೇಲೆ ಉಳಿದದ್ದು ಒಂದು ದೊಡ್ಡ ಹಸಿರು ವೃತ್ತ, ಅದರ ಕೆಳಗೆ 'ಎಲ್ಲವೂ ಸರಿಯಾಗಿದೆ' ಎಂಬ ದಪ್ಪ ಅಕ್ಷರ. ನೋಡಿದವರ ಸಂಖ್ಯೆ ಅರವತ್ತಮೂರು. ಮೇಸ್ತ್ರಿ ಬೆನ್ನು ತಟ್ಟಿ, "ಇದು ನೋಡಯ್ಯಾ ಡ್ಯಾಶ್‌ಬೋರ್ಡ್ ಅಂದ್ರೆ! ನೋಡಿದ್ರೆ ಮನಸ್ಸಿಗೆ ತಂಪು," ಎಂದ. ಹೆಂಡತಿ ಫೋನು ಮಾಡಿ, "ಏನ್ರೀ ಆಯ್ತು?" ಎಂದಳು. "ಅರವತ್ತಮೂರು ಕಣೇ! ಕುರ್ಚಿ ಉಳೀತು," ಎಂದು ಚಿತ್ರಗುಪ್ತ ಕುರ್ಚಿಯ ಕೈಯನ್ನು ಸವರಿದ.

ಐದು ಗಂಟೆಗೆ ಮ್ಯಾನೇಜರ್ ಮೇಡಂ ಕರೆಸಿದರು. ಅವರ ಕಂಪ್ಯೂಟರಿನ ತುಂಬ ಹಸಿರು ವೃತ್ತ ಇತ್ತು.

"ಏನಿದು?"

"ಡ್ಯಾಶ್‌ಬೋರ್ಡ್ ಮೇಡಂ. ಇವತ್ತು ಅರವತ್ತಮೂರು ಜನ ನೋಡಿದಾರೆ."

"ಏನನ್ನ ನೋಡಿದಾರೆ?"

ಚಿತ್ರಗುಪ್ತ ಹಸಿರು ವೃತ್ತದ ಕಡೆಗೇ ಬೆರಳು ತೋರಿಸಿದ.

"ಎಲ್ಲವೂ ಸರಿಯಾಗಿದೆ ಅಂತ ದಿನಾ ಹೇಳೋದಕ್ಕೆ ಒಬ್ಬರು ಕುರ್ಚಿ ಹಾಕ್ಕೊಂಡು ಕೂರಬೇಕಾ? ಅದೂ ಸರಿಯಿಲ್ಲ. ಮೂರು ಆಸ್ಪತ್ರೆಯವರು ಬೆಳಿಗ್ಗೆಯಿಂದ ನನಗೆ ಬೈತಾ ಇದಾರೆ."

"ಹತ್ತು ಜನ ನೋಡ್ಬೇಕು ಅಂತ ಸುತ್ತೋಲೇಲಿ ಇತ್ತಲ್ಲ ಮೇಡಂ..."

"ಎರಡನೇ ಹಾಳೆ ಓದಿದ್ರಾ?"

ಅವರು ಹಾಳೆ ಮಗುಚಿ ಮುಂದಿಟ್ಟರು. 'ಆದರೆ ಪ್ರತಿದಿನ ತಪ್ಪದೆ ನೋಡುವವರು ಒಬ್ಬರೇ ಇದ್ದರೂ ಅಂಥ ಡ್ಯಾಶ್‌ಬೋರ್ಡನ್ನು ಉಳಿಸಿಕೊಳ್ಳಲಾಗುವುದು. ಹಾಗೆ ಉಳಿದದ್ದು ಒಂದೇ.' ಕೆಳಗೆ ಅವನ ಡ್ಯಾಶ್‌ಬೋರ್ಡಿನ ಹೆಸರಿತ್ತು.

ಬೆಳಿಗ್ಗೆಯಿಂದ ಅವನು ಬೆವರು ಸುರಿಸಿ ಉಳಿಸಿಕೊಳ್ಳಲು ಹೊರಟದ್ದು ಬೆಳಿಗ್ಗೆಯೇ ಉಳಿದಿತ್ತು. ಸುಮ್ಮನೆ ಕೈಕಟ್ಟಿ ಕೂತಿದ್ದರೆ ಸಾಕಾಗಿತ್ತು.

"ನೀವು ದಿನಾ ನೋಡ್ತಿದ್ರಲ್ಲ ಮೇಡಂ, ಹಾಗಾಗಿ..."

"ನಾನಾ? ನಾನು ಇದನ್ನ ತೆರೆದಿದ್ದೇ ಇವತ್ತು. ಯಾರೋ ನೋಡ್ತಿದ್ರು, ಅವರಿಗೆ ಬೇಕಾಗಿತ್ತು ಅಂತ ಉಳಿಸಿದ್ದೆ. ಹೋಗ್ಲಿ, ಮೊದಲಿದ್ದದ್ದನ್ನ ವಾಪಸ್ ಹಾಕಿ. ಅರ್ಧ ಗಂಟೆ ಕೊಡ್ತೀನಿ."

ಚಿತ್ರಗುಪ್ತ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದು ಹಳೆಯ ಪ್ರತಿಗಳ ಪಟ್ಟಿ ತೆಗೆದ. ಐದಿದ್ದವು. ಐದನ್ನೂ ಒಂದೊಂದಾಗಿ ತೆರೆದ. ಒಂದರಲ್ಲಿ ಹಸಿರು ವೃತ್ತ ಚಿಕ್ಕದು, ಇನ್ನೊಂದರಲ್ಲಿ ದೊಡ್ಡದು, ಮತ್ತೊಂದರಲ್ಲಿ ಹಸಿರೇ ಬೇರೆ. ಲಾರಿ ಇಲ್ಲ, ಸೋಪು ಇಲ್ಲ, ಕೆಳಮೂಲೆ ಯಾವುದರಲ್ಲೂ ಇಲ್ಲ. ಆಗ ನೆನಪಾಯಿತು. ಹೋದ ತಿಂಗಳು ಜಾಗ ಉಳಿಸಲೆಂದು 'ಕೊನೆಯ ಐದು ಪ್ರತಿ ಮಾತ್ರ ಇಟ್ಟುಕೋ' ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟವನು ತಾನೇ. ಮಿತವ್ಯಯ ಎಂದು ಮೇಡಂ ಹೊಗಳಿಯೂ ಇದ್ದರು. ಎರಡು ವರ್ಷದ ಕೆಲಸ. ಅದನ್ನು ಅರ್ಧ ಗಂಟೆಯಲ್ಲಿ ಮತ್ತೆ ಕಟ್ಟುವುದು ಯಾರಿಂದಲೂ ಆಗುವ ಮಾತಲ್ಲ. ಪರದೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತ. ಯಾರನ್ನಾದರೂ ಬೈಯೋಣ ಎಂದರೆ ಬೈಯಲು ಸಿಕ್ಕವನು ಒಬ್ಬನೇ, ಅವನು ಅದೇ ಕುರ್ಚಿಯಲ್ಲಿ ಕೂತಿದ್ದ.

ಐದೂವರೆಗೆ ಹಸಿರು ವೃತ್ತ ಆರಿತು. ಸೋಮವಾರ ಮೂಲ ವಿಭಾಗ ಎಂದು ಕಾಗದ ಬಂತು.

ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಕೆಳಗಿಳಿದ. ಮಡಚುವ ಮೇಜಿನ ಪಕ್ಕದ ಗೋಡೆಯ ಮೇಲೆ ಅವನ ಪೆನ್ಸಿಲ್ ಗೀಟುಗಳು ಇನ್ನೂ ಇದ್ದವು. ಅವುಗಳನ್ನು ನೋಡುತ್ತ ನಿಂತಿದ್ದಾಗ ಹೊಲಿಗೆ ಕೋಣೆಯಿಂದ ದನಿ ಬಂತು.

"ಯಾರು, ಮಡಚೋ ಮೇಜಿನ ತಮ್ಮನಾ? ಬಾರಪ್ಪ, ಎಷ್ಟು ದಿನ ಆಯ್ತು ನಿನ್ನ ಮುಖ ನೋಡಿ! ಮೇಲೆ ಕಂಪ್ಯೂಟರ್ ಹತ್ರ ಕೂತ್ಕೋತೀಯಂತಲ್ಲ, ಇದನ್ನ ಸ್ವಲ್ಪ ನೋಡ್ತೀಯಾ?"

ಹೊಲಿಗೆಯಕ್ಕನ ಯಂತ್ರದ ಪಕ್ಕದಲ್ಲಿ, ದಾರದ ಉಂಡೆಗಳ ನಡುವೆ ಒಂದು ಹಳೆಯ ಕಂಪ್ಯೂಟರ್ ಇತ್ತು. ಕಚೇರಿಯವರು ಬೇಡವೆಂದು ಕೆಳಗೆ ತಳ್ಳಿದ್ದು. ಅದರ ನೆತ್ತಿಯ ಮೇಲೆ ಮಾಸಿದ ಚೀಟಿಯೊಂದು ಅಂಟಿಕೊಂಡಿತ್ತು: ಕಚೇರಿ ೩.

ಚಿತ್ರಗುಪ್ತ ಬಾಗಿಲಲ್ಲೇ ನಿಂತ.

"ಇದರಲ್ಲಿ ದಿನಾ ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ ಸಂಖ್ಯೆ ಬರ್ತಿತ್ತು ತಮ್ಮಾ, ಈ ಮೂಲೇಲಿ. ಇವತ್ತು ಎಷ್ಟು ಹರಿದಿದೆ ಅಂತ. ನಂಗೆ ಓದೋಕೆ ಬರೋದು ಅದೊಂದೇ. ಅದನ್ನ ನೋಡಿ ಮನೆಯವರಿಗೆ ಫೋನ್ ಮಾಡಿ, ಇಷ್ಟು ಹೊತ್ತಿಗೆ ಬರ್ತೀನಿ ಅಂತ ಹೇಳ್ತಿದ್ದೆ. ಅವರಿಗೆ ಎದ್ದು ಓಡಾಡೋಕೆ ಆಗಲ್ಲ ನೋಡು, ಹೊತ್ತು ಗೊತ್ತಿದ್ರೆ ಧೈರ್ಯವಾಗಿ ಇರ್ತಾರೆ. ಇವತ್ತು ಮಧ್ಯಾಹ್ನ ತೆಗೆದ್ರೆ ಹಸಿರಿಗೆ ಒಂದು ಚಕ್ರ ಇತ್ತು. ಬೆಳಗಿನ ಸಂಖ್ಯೆ ನೋಡಿ ಆರು ಗಂಟೆಗೆ ಬರ್ತೀನಿ ಅಂದಿದ್ದೆ, ಮಧ್ಯಾಹ್ನದ್ದು ಗೊತ್ತೇ ಆಗ್ಲಿಲ್ಲ, ಇಲ್ನೋಡು, ಇನ್ನೂ ಎಂಬತ್ತು ಬಿದ್ದಿದೆ."

ಮೂಲೆಯಲ್ಲಿ ಹರಿದ ಬಟ್ಟೆ ಸೊಂಟದೆತ್ತರಕ್ಕೆ ಬಿದ್ದಿತ್ತು. ಚಿತ್ರಗುಪ್ತನಿಗೆ ನಾಚಿಕೆಯಿಂದ ಕಣ್ಣು ಎತ್ತಲಾಗಲಿಲ್ಲ. ಅರವತ್ತಮೂರು ಜನರ ಕಾಲಿಗೆ ಬಿದ್ದು, ನಿಜವಾಗಿ ನೋಡುತ್ತಿದ್ದ ಒಬ್ಬಳ ಬಾಗಿಲನ್ನು ದಾಟಿ ಹೋಗಿದ್ದ.

"ಅದನ್ನ ಮಾಡಿಟ್ಟೋನು ಯಾರೋ ಪುಣ್ಯಾತ್ಮ, ಅವನು ನೂರು ವರ್ಷ ಬಾಳ್ಲಿ," ಎಂದು ಹೊಲಿಗೆಯಕ್ಕ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. "ಆದ್ರೆ ಅಳಿಸಿದನಲ್ಲ ಇನ್ನೊಬ್ಬ, ಅವನ ಕೈ ಸೇದಿಹೋಗ! ಅವನು ಯಾರು ಅಂತ ಗೊತ್ತಾದ್ರೆ ನಂಗೊಂದ್ಸಲ ತೋರ್ಸಪ್ಪ."

ಚಿತ್ರಗುಪ್ತ ಚೀಲವನ್ನು ಕೆಳಗಿಟ್ಟ. ರಾಶಿಯ ಪಕ್ಕ ಕೂತು ಹರಿದ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಅವಳ ಕೈಗೆ ಕೊಡತೊಡಗಿದ.

"ಸೋಮವಾರದಿಂದ ಪಕ್ಕದ ಮೇಜಲ್ಲೇ ಇರ್ತಾನಕ್ಕ," ಎಂದ. "ದಿನಾ ನೋಡಬಹುದು."