ರಾವಂದೂರಿನ ಕಾಳಗದಲ್ಲಿ ಸೋತವರು

ಸಾವಿರದ ಒಂಬೈನೂರ ಎಪ್ಪತ್ಮೂರನೇ ಇಸವಿಯಲ್ಲಿ ರಾವಂದೂರಿನ ಬಯಲಲ್ಲಿ ನಡೆದ ಪಾಳೇಗಾರರ ಕಾಲದ ಕಾಳಗದಲ್ಲಿ ಮೈಸೂರಿನ ಹವ್ಯಾಸಿ ಛಾಯಾಗ್ರಾಹಕರ ಬಳಗವು ಸಂಪೂರ್ಣವಾಗಿ ಸೋತಿತು. ಇದರಲ್ಲಿ ಅನುಮಾನಕ್ಕೆ ಆಸ್ಪದವಿಲ್ಲ.

'ಜೀವಂತ ಇತಿಹಾಸ ದಿನ'ದಂದು ಊರವರು ಹಳೇ ಕಾಳಗವನ್ನು ಆಡಿ ತೋರಿಸುವುದು, ಬಳಗದವರು ಫೋಟೋ ಹೊಡೆದುಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಪಾತ್ರಗಳನ್ನು ಪಹಣಿ ನೋಡಿ ಹಂಚಲಾಯಿತು. ಕೆರೆ ಬಯಲಿನ ಗದ್ದೆಯವರು ಗೆಲ್ಲುವ ದೊರೆಯ ಕಡೆ, ಮಳೆ ನಂಬಿದ ಬೆದ್ದಲಿನವರು ಸೋಲುವ ಪಾಳೇಗಾರನ ಕಡೆ. ಊರಿನ ಹುಡುಗ ದೇವರಾಜುವಿನ ಮನೆಗಿದ್ದದ್ದು ಬರೀ ಹೊಗೆಸೊಪ್ಪಿನ ಬೆದ್ದಲು. ಹೀಗಾಗಿ, ಸುತ್ತಲ ಹಳ್ಳಿಗಳಲ್ಲಿ ಅವನ ತೋಳು ಬಗ್ಗಿಸಿದ ಗಂಡಸೇ ಇಲ್ಲದಿದ್ದರೂ, ಪಾಳೇಗಾರನ ದಳವಾಯಿಯಾಗಿ ಅವನು ಸಾಯತಕ್ಕದ್ದೆಂದು ಆದೇಶವಾಯಿತು.

ಸಾಯಲು ಅವನ ತಕರಾರಿರಲಿಲ್ಲ. ಆದರೆ ಅವತ್ತೇ ಅವನಿಗೆ ಗೊತ್ತುಮಾಡುತ್ತಿದ್ದ ಹೆಣ್ಣಿನ ತಂದೆ ಜವರಯ್ಯನವರು ಗಂಡು ನೋಡಲು ಮಿರ್ಲೆಯಿಂದ ಬಂದು ಮುಂದಿನ ಸಾಲಲ್ಲೇ ಕೂತುಬಿಟ್ಟಿದ್ದರು.

"ಏನಪ್ಪಾ, ನೀನು ಎಷ್ಟೊತ್ತಿಗೆ ಸಾಯೋದು?"

"ಊಟಕ್ಕೆ ಮುಂಚೆ ಅಂತವ್ರೆ."

"ಸತ್ತು ಬಿದ್ದ ಗಂಡನ್ನ ಕಣ್ಣಾರೆ ನೋಡಿ ಎಂಗಪ್ಪಾ ಹೆಣ್ಣು ಕೊಡೋದು? ಸಾಯಂಗಿದ್ರೆ ಈಗ್ಲೇ ಹೇಳ್ಬುಡು, ಬಸ್ಸು ಹಿಡೀತೀನಿ."

ದೇವರಾಜು ಸಮಾರಂಭ ನಡೆಸುತ್ತಿದ್ದ ಸರ್ಕಾರಿ ಪ್ರಚಾರಾಧಿಕಾರಿಗಳ ಬಳಿಗೆ ಓಡಿದ. "ಸ್ವಾಮಿ, ಇವತ್ತು ಮಾತ್ರ ನಾನು ಸಾಯಕಿಲ್ಲ."

"ಇತಿಹಾಸ ತಿದ್ದಲು ನನಗೆ ಅಧಿಕಾರವಿಲ್ಲ. ಮೇಲಿನಿಂದ ಬರಬೇಕು," ಎಂದರು ಅಧಿಕಾರಿಗಳು, ಕೋಸಂಬರಿ ಅಗಿಯುತ್ತಾ.

ಅಷ್ಟರಲ್ಲಿ ಬಳಗದ ಅಧ್ಯಕ್ಷ ಚನ್ನಬಸವಣ್ಣನವರು ಆಕ್ಷೇಪ ಎತ್ತಿದರು. ಸೈನ್ಯಗಳು ಎದುರುಬದುರು ನಿಂತರೆ ಒಂದರ ಮುಖಕ್ಕೆ ಬಿಸಿಲು, ಇನ್ನೊಂದರ ಮುಖ ಫೋಟೋದಲ್ಲಿ ಮಸಿ. ಮಸಿಯ ಕಡೆಗೆ ಬಿದ್ದಿದ್ದ ಗೆಲ್ಲುವ ದೊರೆ ಪಂಚಾಯಿತಿ ಛೇರ್ಮನ್ನರ ಭಾವಮೈದ. ಕೂಡಲೇ ಮೈಕಿನಲ್ಲಿ ಪ್ರಕಟಣೆ ಹೊರಟಿತು:

"ಉಭಯ ಸೈನ್ಯಗಳೂ ಒಂದೇ ಸಾಲಿನಲ್ಲಿ ನಿಂತು, ಸೂರ್ಯನಿಗೂ ಕ್ಯಾಮೆರಾಗಳಿಗೂ ಮುಖ ಮಾಡಿ ಯುದ್ಧ ಮಾಡತಕ್ಕದ್ದು. ಪಕ್ಕಕ್ಕೆ ತಿರುಗಿದವರಿಗೆ ಊಟವಿಲ್ಲ."

"ಅಂಗಾದ್ರೆ ಶತ್ರು ಎಲ್ಲವ್ನೆ ಸ್ವಾಮಿ?" ಎಂದು ಕೂಗಿದ ದೇವರಾಜು.

"ಎದುರಿಗೆ ನೋಡ್ರೀ!" ಎಂದರು ಚನ್ನಬಸವಣ್ಣ, ಕ್ಯಾಮೆರಾಕ್ಕೆ ಕಣ್ಣು ಅಂಟಿಸಿಕೊಂಡೇ.

ದೇವರಾಜು ನೋಡಿದ. ಎದುರಿಗೆ ಹ್ಯಾಟು, ಥರ್ಮಾಸು, ಮೂರುಕಾಲಿನ ಸ್ಟ್ಯಾಂಡುಗಳ ಸಾಲು. ಅವನ ಮುಖ ಅರಳಿತು.

"ಅಲ್ಲವ್ರೆ ಕಣ್ರಲಾ! ಆರ್ಡ್ರಾಗ್ಯದೆ, ನುಗ್ರೋ!"

ಕೆರೆ ಹೂಳೆತ್ತಲೂ ಒಂದಾಗದಿದ್ದ ಗದ್ದೆಯವರೂ ಬೆದ್ದಲಿನವರೂ ಬಿದಿರಿನ ಈಟಿ ಹಿಡಿದು ಒಟ್ಟಾಗಿ ನುಗ್ಗಿದರು. ಬಳಗದವರು ಹೊಲ ಹಾಯ್ದು, ಹೊಗೆಸೊಪ್ಪು ಬೇಯುತ್ತಿದ್ದ ಬ್ಯಾರನ್ನಿನೊಳಗೆ ಅವಿತು, ಆ ಬೇಗೆ ತಡೆಯಲಾರದೆ ತಾವಾಗಿಯೇ ಕೈಯೆತ್ತಿಕೊಂಡು ಹೊರಬಂದರು.

ಅಧಿಕಾರಿಗಳು ಕೈ ತೊಳೆದುಕೊಂಡು ಬಂದು ನಿಯಮ ವಿವರಿಸಿದರು. ಕಾಳಗವೆಂದ ಮೇಲೆ ಒಂದು ಕಡೆ ಸೋತಿರಲೇಬೇಕು, ಇಲ್ಲದಿದ್ದರೆ ಊಟದ ಬಿಲ್ಲು ಪಾಸಾಗುವುದಿಲ್ಲ.

"ನಾವು ಫೋಟೋ ತೆಗೆಯಲು ಬಂದವರು ಸ್ವಾಮಿ!" ಎಂದು ಚನ್ನಬಸವಣ್ಣ ಕೆಮ್ಮಿದರು.

"ಸೋತವರೆಲ್ಲ ಹೀಗೇ ಏನಾದರೊಂದು ಹೇಳುತ್ತಾರೆ. ಇಲ್ಲಿ ರುಜು ಹಾಕಿ."

ಎಲೆಯ ಮೇಲೆ ಹೋಳಿಗೆ ಬೀಳುತ್ತಿರುವುದು ಕಾಣುತ್ತಿದ್ದರಿಂದ ಚನ್ನಬಸವಣ್ಣ ರುಜು ಹಾಕಿದರು. ಜವರಯ್ಯ ದೇವರಾಜುವಿನ ಮೈಕೈ ಮುಟ್ಟಿ ನೋಡಿ, "ಪೇಟೆಯೋರನ್ನೇ ಓಡುಸ್ದ ಗಂಡು ಕಣ್ರೀ, ಎಲೆ ಅಡಿಕೆ ತನ್ನಿ," ಎಂದರು. ಮದುವೆ ಕಾರ್ತೀಕದಲ್ಲಿ ಆಯಿತು.

ಮರುವರ್ಷದ ಆಹ್ವಾನ ಪತ್ರಿಕೆಯಲ್ಲಿ, "ಛಾಯಾಗ್ರಾಹಕರು ಸಕಾಲಕ್ಕೆ ದಯಮಾಡಿಸಿ, ಸೋತು, ಸಮಾರಂಭವನ್ನು ಯಶಸ್ವಿಗೊಳಿಸಬೇಕಾಗಿ ವಿನಂತಿ" ಎಂದು ಅಚ್ಚಾಗಿತ್ತು. ಬಳಗದವರು ಸಭೆ ಸೇರಿ ಒಪ್ಪಿಗೆ ಸೂಚಿಸಿದರು. ಸೋಲಲು ಆಳು ಸಾಲದೆಂದು ಹೊಸ ಸದಸ್ಯರನ್ನೂ ಸೇರಿಸಿಕೊಂಡರು.