ಒಂದು ದಿನದ ಲೀಡರ್

ಮ್ಯಾನೇಜರ್‌ಗೆ ಹಲ್ಲುನೋವು ಬಂದದ್ದೇ ಎಲ್ಲಕ್ಕೂ ಮೂಲ. ಕೆನ್ನೆ ಹಿಡಿದುಕೊಂಡೇ ಅವರು ಎದುರಿಗೆ ಸಿಕ್ಕ ಆಯ್ತಪ್ಪನಿಗೆ, “ಇವತ್ತೊಂದು ದಿನ ತಂಡ ನೀವು ನೋಡ್ಕೊಳ್ಳಿ. ಐದು ಗಂಟೆಗೆ ಆಸ್ಪತ್ರೆಯವರಿಗೆ ಸಾಫ್ಟ್‌ವೇರ್ ಹೋಗ್ಬೇಕು” ಎಂದು ಹೇಳಿ ದಂತವೈದ್ಯರ ಕಡೆ ಓಡಿದರು.

ಆಯ್ತಪ್ಪ ಎನ್ನುವುದು ಅವನ ಹೆಸರಲ್ಲ. ಯಾರು ಏನು ಹೇಳಿದರೂ ‘ಆಯ್ತು’ ಅನ್ನುತ್ತಿದ್ದುದಕ್ಕೆ ಆಫೀಸು ಇಟ್ಟ ಹೆಸರು. ಹತ್ತು ವರ್ಷ ತನ್ನ ಪಾಡಿಗೆ ಕೋಡ್ ಬರೆದುಕೊಂಡಿದ್ದವನು. ಮನೆಯಲ್ಲಿ ಫ್ಯಾನ್ ಹಾಕಿ ಅಂತ ಕೂಡ ಯಾರಿಗೂ ಹೇಳದೆ, ತಾನೇ ಎದ್ದು ಹೋಗಿ ಹಾಕುವ ಆಸಾಮಿ.

ಅದು ರೋಗಿಗಳಿಗೆ ಟೋಕನ್ ಕೊಡುವ ಸಾಫ್ಟ್‌ವೇರ್. ಹತ್ತು ಗಂಟೆಗೆ, ತಪ್ಪು ಹುಡುಕುವ ಕೆಲಸದ ಟೆಸ್ಟರ್ ಅಕ್ಕ ಬಂದು, “ಎರಡು ಕೌಂಟರಲ್ಲಿ ಒಟ್ಟಿಗೆ ಗುಂಡಿ ಒತ್ತಿದ್ರೆ ಇಬ್ಬರಿಗೂ ಒಂದೇ ನಂಬರ್ ಬರ್ತಿದೆ” ಅಂದರು.

ಕೌಂಟರಿನ ಸ್ಕ್ರೀನ್ ಮಾಡಿದವನಿಗೆ ಆಫೀಸಿನಲ್ಲಿ ಗಡ್ಡ ಅಂತ ಹೆಸರು. ನಂಬರ್ ಕೊಡುವ ಕೋಡ್ ಬರೆದವನಿಗೆ ಹೆಡ್‌ಫೋನ್ ಅಂತ. ಅಕ್ಕಪಕ್ಕದ ಕುರ್ಚಿಯಲ್ಲಿ ಕೂತರೂ ಇಬ್ಬರಿಗೂ ಮೂರು ವಾರದಿಂದ ಮಾತಿಲ್ಲ.

“ನನ್ನ ಸ್ಕ್ರೀನ್ ಬಂದ ನಂಬರ್ ತೋರಿಸುತ್ತೆ, ಅಷ್ಟೇ” ಅಂದ ಗಡ್ಡ.

“ಕೇಳೋರು ಸರಿಯಾಗಿ ಕೇಳಿದ್ರೆ ನನ್ನ ಕೋಡ್ ಸರಿಯಾಗೇ ಕೊಡುತ್ತೆ” ಅಂದ ಹೆಡ್‌ಫೋನ್, ಗೋಡೆ ನೋಡಿಕೊಂಡು.

ಆಯ್ತಪ್ಪ ಇಬ್ಬರಿಗೂ “ಆಯ್ತು” ಅಂದ. ಕೆಲಸ ಮಾತ್ರ ಆಗಲಿಲ್ಲ.

ಇದನ್ನೆಲ್ಲ ಕೇಳಿಸಿಕೊಂಡಿದ್ದ ಪಕ್ಕದ ಸಾಲಿನ ಅಕೌಂಟೆಂಟ್ ಎದ್ದು ಬಂದರು. “ನಾಯಕ ಅಂದ್ಮೇಲೆ ಗತ್ತು ಬೇಕು. ಮೇಜು ಗುದ್ದಿ ಮಾತಾಡ್ರಿ, ಹೆದರ್ತಾರೆ.”

ಆಯ್ತಪ್ಪ ಕಣ್ಣು ಮುಚ್ಚಿಕೊಂಡು ಮೇಜು ಗುದ್ದಿದ. ಲೋಟ ಮಗುಚಿ ಚಹಾವೆಲ್ಲ ಗಡ್ಡನ ಕೀಬೋರ್ಡಿನೊಳಗೆ ಇಳಿಯಿತು. ಗಡ್ಡ ಕೀಬೋರ್ಡನ್ನು ಒದ್ದೆ ಬೆಕ್ಕಿನಂತೆ ಎರಡು ಬೆರಳಲ್ಲಿ ಎತ್ತಿಕೊಂಡು ಹೊರಟುಹೋದ. ಹೆಡ್‌ಫೋನ್ ತನ್ನ ಹೆಡ್‌ಫೋನ್ ಏರಿಸಿಕೊಂಡ. ಗಂಟೆ ಎರಡಾಗಿತ್ತು.

“ಅಕ್ಕಾ, ನನ್ನ ಕೈಲಿ ಆಗಲ್ಲ” ಅಂದ ಆಯ್ತಪ್ಪ.

ಟೆಸ್ಟರ್ ಅಕ್ಕ ಗತ್ತೂ ತೋರಿಸಲಿಲ್ಲ, ಗದರಲೂ ಇಲ್ಲ. ಮೊದಲು ಗಡ್ಡನನ್ನು ಹುಡುಕಿ ತಮ್ಮ ಕೀಬೋರ್ಡ್ ಕೊಟ್ಟರು. ಆಮೇಲೆ ಇಬ್ಬರನ್ನೂ ಕರೆದು, “ಐದು ನಿಮಿಷ ರೋಗಿಗಳಾಗ್ತೀರಾ? ನಾನು ಡಾಕ್ಟರು” ಅಂದರು. ಇಬ್ಬರೂ ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ ಗುಂಡಿ ಒತ್ತಿ, ಟೋಕನ್ ಹಿಡಿದು ಮೀಟಿಂಗ್ ರೂಮಿನ ಹೊರಗೆ ಕುರ್ಚಿಯಲ್ಲಿ ಕೂತರು. ಅಕ್ಕ ಒಳಗಿನಿಂದ ಕೂಗಿದರು:

“ಹದಿನೇಳನೇ ನಂಬರ್, ಒಳಗೆ ಬನ್ನಿ.”

ಇಬ್ಬರೂ ಎದ್ದರು. ಬಾಗಿಲಲ್ಲಿ ಭುಜಕ್ಕೆ ಭುಜ ತಾಗಿತು.

ಅಕ್ಕ ಮೆಲ್ಲಗೆ ಕೇಳಿದರು: “ಇಬ್ಬರಲ್ಲಿ ಎದೆನೋವು ಯಾರಿಗೆ? ಯಾರನ್ನ ಹೊರಗೆ ಕಳಿಸ್ಲಿ? ನಾಳೆ ಬೆಳಿಗ್ಗೆ ಈ ಬಾಗಿಲಲ್ಲಿ ನಿಂತಿರೋರು ನೀವಲ್ಲ, ಯಾರದೋ ಅಮ್ಮ.”

ಇಬ್ಬರೂ ಕೈಯಲ್ಲಿದ್ದ ಟೋಕನ್ ನೋಡಿಕೊಂಡರು. ಆಮೇಲೆ ಹೆಡ್‌ಫೋನ್, “ಒಬ್ಬರಿಗೆ ಕೊಟ್ಟು ಮುಗಿಯೋ ತನಕ ಇನ್ನೊಬ್ಬರನ್ನ ಕಾಯಿಸ್ಬೇಕು. ನಾನು ಅದನ್ನ ಬರೆದಿಲ್ಲ” ಅಂದ. ಗಡ್ಡನೂ, “ಕಾಯೋದಕ್ಕೆ ನನ್ನ ಸ್ಕ್ರೀನಲ್ಲೂ ಜಾಗ ಇಲ್ಲ” ಎಂದು ಒಪ್ಪಿಕೊಂಡ. ಮೂರು ವಾರ ಮಾತು ಬಿಟ್ಟವರು ಒಂದೇ ಕಂಪ್ಯೂಟರಿನ ಮುಂದೆ ತಲೆಗೆ ತಲೆ ಕೊಟ್ಟು ಕೂತರು. ಐದಕ್ಕೆ ಹತ್ತು ನಿಮಿಷ ಇರುವಾಗ ಸಾಫ್ಟ್‌ವೇರ್ ಆಸ್ಪತ್ರೆ ಸೇರಿತು.

ಆಯ್ತಪ್ಪ ನೋಡುತ್ತಲೇ ಇದ್ದ. ಹುದ್ದೆಯಿಲ್ಲ, ದರ್ಪವಿಲ್ಲ, ಆದರೂ ಆ ಹೆಂಗಸು ಇಬ್ಬರು ಹಟಮಾರಿಗಳನ್ನು ಎಷ್ಟು ಹಗುರವಾಗಿ ತಿರುಗಿಸಿದರು. ಕೂತು ಮ್ಯಾನೇಜರ್‌ಗೆ ಪ್ರಾಮಾಣಿಕವಾಗಿ ಬರೆದ: ‘ಇದೆಲ್ಲ ಮಾಡಿದ್ದು ಟೆಸ್ಟರ್ ಅಕ್ಕ. ನಾನು ಚಹಾ ಚೆಲ್ಲಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಲೀಡರ್ ಆಗಬೇಕಾದವರು ಅವರೇ. ದಯವಿಟ್ಟು ನನ್ನನ್ನು ಬಿಟ್ಟುಬಿಡಿ.’

ಹತ್ತು ನಿಮಿಷದಲ್ಲಿ ಫೋನ್ ಬಂತು. ಮ್ಯಾನೇಜರ್ ಮಾತು ಅರ್ಧ ಮರಗಟ್ಟಿದ ಬಾಯಿಂದ ತೊದಲುತ್ತ ಬರುತ್ತಿತ್ತು.

“ಓದಿದೆ ಕಣ್ರೀ. ಅಕ್ಕನಿಗೆ ಬಡ್ತಿ ಕೊಡಿಸಿದೀನಿ. ಮೇಲಿನ ಮಹಡಿಯ ದೊಡ್ಡ ತಂಡಕ್ಕೆ ನಾಳೆಯಿಂದ ಅವರೇ ಲೀಡರ್.”

“ತುಂಬಾ ಸಂತೋಷ ಸಾರ್. ಹಾಗಾದ್ರೆ ನಮ್ಮ ತಂಡಕ್ಕೆ?”

“ಬೇರೆಯವರ ಕೆಲಸಾನ ಇಷ್ಟು ಮನಸ್ಸು ಬಿಚ್ಚಿ ಹೊಗಳೋ ನಾಯಕ ಇನ್ನೆಲ್ಲಿ ಸಿಗ್ತಾನೆ? ಆ ತಂಡಕ್ಕೆ ನಿಮ್ಮನ್ನೇ ಖಾಯಂ ಲೀಡರ್ ಮಾಡಿದೀನಿ.”

ಆಯ್ತಪ್ಪ ಫೋನ್ ಇಟ್ಟು ತಿರುಗಿದ. ಗಡ್ಡ ಮತ್ತು ಹೆಡ್‌ಫೋನ್ ಮುಖ ಊದಿಸಿಕೊಂಡು ನಿಂತಿದ್ದರು.

“ಸಾರ್, ಇವತ್ತು ತಪ್ಪು ಸರಿಮಾಡಿದ್ದು ಇವನಾ, ನಾನಾ?” ಅಂದ ಗಡ್ಡ. “ನೀವೇ ಹೇಳ್ಬೇಕು.”